ನೂರಕ್ಕೆ ಎಷ್ಟು ಮಂದಿ?

ಸಂಸಾರವೆಂದರೆ ಮುಕ್ಕಾಲು ಪಾಲು ಲೆಕ್ಕವೇ ಸರಿ. ಹಾಲಿನ ಲೆಕ್ಕ, ಅಂಗಡಿಯ ಉದ್ರಿಯ ಲೆಕ್ಕ, ಇಸ್ತ್ರಿಗೆ ಕೊಟ್ಟ ಬಟ್ಟೆಗಳ ಲೆಕ್ಕ, ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಿದೆವೆಂಬ ಲೆಕ್ಕ, ಇವೆಲ್ಲವೂ ಗೃಹಸ್ಥರಿಗೆ ನಿತ್ಯಪರಿಚಿತವಾದುವು. ೨೦೨೧ನೆಯ ಇಸವಿಯಲ್ಲಿ ಇವುಗಳ ಜೊತೆಗೆ ಹಿಂದೆಂದೂ ಕಾಣದಿದ್ದ ಇನ್ನೊಂದು ಲೆಕ್ಕವು ನಮ್ಮ ಮನೆಗೆ ಬಂದು ಸೇರಿತು. ಯಾವ ದೇಶದಲ್ಲಿ ನೂರಕ್ಕೆ ಎಷ್ಟು ಮಂದಿ ಕೋವಿಡ್ ಲಸಿಕೆಯನ್ನು ಹಾಕಿಸಿಕೊಂಡರು, ಇದೇ ವೇಗದಲ್ಲಿ ನಡೆದರೆ ಉಳಿದವರ ಸರದಿ ಎಂದಿಗೆ ಮುಗಿದೀತು, ಎಂಬುದೇ ಆ ಲೆಕ್ಕ. ವೃತ್ತಪತ್ರಿಕೆಗಳಲ್ಲಿ ಪೇಟೆಯ ಧಾರಣೆಯನ್ನು ಅಚ್ಚುಮಾಡುವಂತೆ ದಿನದಿನವೂ ಅದರ ಪಟ್ಟಿಯನ್ನು ಅಚ್ಚುಮಾಡುತ್ತಿದ್ದರು. ಅಡಿಕೆಯ ಧಾರಣೆಯನ್ನು ತೋಟವುಳ್ಳವರು ಮಾತ್ರ ನೋಡುವರು. ಈ ಪಟ್ಟಿಯನ್ನು ನೋಡದವರೇ ಇರಲಿಲ್ಲ.

ನಾವು ಅದನ್ನು ನೋಡುತ್ತಿದ್ದುದಕ್ಕೆ ವಿಶೇಷ ಕಾರಣವೂ ಇದ್ದಿತು. ನಮ್ಮ ಮಗಳೂ ಅಳಿಯನೂ ಇಂಗ್ಲೆಂಡಿನಲ್ಲಿದ್ದಾರೆ. ತಮ್ಮನ ಮಗನು ಉದ್ಯೋಗದ ನಿಮಿತ್ತ ಆಫ್ರಿಕಾ ಖಂಡದ ನೈರೋಬಿ ನಗರದಲ್ಲಿದ್ದಾನೆ. ಅಕ್ಕನೂ ಭಾವನೂ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ತೋಟವನ್ನು ನೋಡಿಕೊಂಡಿದ್ದರು. ಮೈಸೂರಿನಲ್ಲಿ ಉಳಿದವರು ನಾವಿಬ್ಬರೇ. ಹೀಗೆ ಮೂರು ಖಂಡಗಳಲ್ಲಿ ಚದುರಿದ ಮನೆಯವರು ಮತ್ತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಎಂದಿಗೆ ಎಂಬ ಪ್ರಶ್ನೆಗೆ ಆ ಪಟ್ಟಿಯನ್ನು ಬಿಟ್ಟು ಬೇರೆ ಉತ್ತರವು ಕಾಣುತ್ತಿರಲಿಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಮೂರು ಅಂಕಣಗಳನ್ನು ಎಳೆದು, ಬ್ರಿಟನ್, ಕೀನ್ಯಾ, ಇಂಡಿಯಾ ಎಂದು ತಲೆಬರಹವನ್ನು ಬರೆದು, ಪ್ರತಿ ಭಾನುವಾರವೂ ಅಂಕೆಗಳನ್ನು ತುಂಬುವುದು ನಮ್ಮ ಮನೆಯ ಪದ್ಧತಿಯಾಯಿತು. ಆ ಪುಸ್ತಕವು ನಮಗೆ ಕಲಿಸಿದುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಏಕೆಂದರೆ ಸಾಂಕ್ರಾಮಿಕ ರೋಗವು ಜಗತ್ತಿಗೆ ಅದೇ ಕಡೆಯದಲ್ಲ. ಇಂತಹ ಪಟ್ಟಿಗಳನ್ನು ನಮ್ಮ ಮಕ್ಕಳೂ ಓದಬೇಕಾದೀತು.

ಮೊದಲು ಈ ಅಂಕೆಗಳು ಎಲ್ಲಿಂದ ಬರುತ್ತಿದ್ದುವೆಂಬುದನ್ನು ಹೇಳಬೇಕು. ಪರೀಕ್ಷೆಗಳನ್ನು ಮುಗಿಸಿ ಅನುಮತಿ ಪಡೆದ ಲಸಿಕೆಯನ್ನು ಬ್ರಿಟನ್ ದೇಶವು ೨೦೨೦ನೆಯ ಡಿಸೆಂಬರ್ ೮ನೆಯ ತಾರೀಖು ಸಾರ್ವಜನಿಕರಿಗೆ ಕೊಡಲು ಆರಂಭಿಸಿತು. ಕೊವೆಂಟ್ರಿ ನಗರದ ಆಸ್ಪತ್ರೆಯಲ್ಲಿ ತೊಂಬತ್ತು ವರ್ಷದ ಅಜ್ಜಿಯೊಬ್ಬರು ಮೊದಲನೆಯವರಾಗಿ ತೋಳನ್ನು ಒಡ್ಡಿದರು. ಆ ತಿಂಗಳು ಮುಗಿಯುವುದರೊಳಗೆ ಅಮೆರಿಕಾ, ಇಸ್ರೇಲ್, ಯೂರೋಪಿನ ಅನೇಕ ದೇಶಗಳು ಹಿಂಬಾಲಿಸಿದುವು. ಇಂಡಿಯಾ ದೇಶದಲ್ಲಿ ೨೦೨೧ನೆಯ ಜನವರಿ ೧೬ರಂದು ಕಾರ್ಯವು ಮೊದಲಾಯಿತು. ಆದರೆ ಎಲ್ಲ ದೇಶಗಳ ಲೆಕ್ಕವನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ದು ಕೊಡುವ ಕಛೇರಿಯು ಆಗ ಎಲ್ಲಿಯೂ ಇರಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಸೇರಿ ನಡೆಸುವ 'ಅವರ್ ವರ್ಲ್ಡ್ ಇನ್ ಡೇಟಾ' ಎಂಬ ಸಂಸ್ಥೆಯ ಕೆಲವೇ ಮಂದಿ ಈ ಕೆಲಸಕ್ಕೆ ಕೈಹಾಕಿದರು. ಒಂದು ದೇಶವು ದಿನವಹಿ ವರದಿಯನ್ನು ಪ್ರಕಟಿಸುವುದು, ಮತ್ತೊಂದು ವಾರಕ್ಕೊಮ್ಮೆ. ಒಂದು ಕಡೆ ಆರೋಗ್ಯ ಇಲಾಖೆಯ ಪ್ರಕಟನೆ, ಇನ್ನೊಂದು ಕಡೆ ಮಂತ್ರಿಗಳು ಟ್ವಿಟರಿನಲ್ಲಿ ಬರೆದ ಎರಡು ಸಾಲು. ಇವೆಲ್ಲವನ್ನೂ ಹುಡುಕಿ, ಒಂದು ಪಟ್ಟಿಯಲ್ಲಿ ಹೊಂದಿಸಿ ಜಗತ್ತಿಗೆ ಉಚಿತವಾಗಿ ಕೊಟ್ಟರು. ಪತ್ರಿಕೆಗಳು ಮುದ್ರಿಸಿದ ಅಂಕೆಗಳಲ್ಲಿ ಬಹುಭಾಗವು ಈ ಮೂಲದಿಂದ ಬಂದುದೇ. ಒಂದು ಬೀದಿಯ ಚಂದಾ ಲೆಕ್ಕವನ್ನು ಸರಿಹೊಂದಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಇವರ ಶ್ರಮವನ್ನು ಊಹಿಸಬಲ್ಲರು.

ಪಟ್ಟಿಯು ಸಿದ್ಧವಾದ ಮಾತ್ರಕ್ಕೆ ಅದನ್ನು ಓದಲು ಬಂದಂತಾಗಲಿಲ್ಲ. ಅಲ್ಲಿದ್ದ ಸಂಖ್ಯೆಯು ಡೋಸುಗಳದೋ ಮನುಷ್ಯರದೋ ಎಂಬುದೇ ಮೊದಲನೆಯ ತೊಡಕು. ೨೦೨೧ನೆಯ ಅಕ್ಟೋಬರ್ ೨೧ರಂದು ನಮ್ಮ ದೇಶವು ನೂರು ಕೋಟಿ ಡೋಸುಗಳನ್ನು ಮುಗಿಸಿತೆಂಬ ಸುದ್ದಿಯು ಬಂದಾಗ ಎಲ್ಲೆಲ್ಲಿಯೂ ಸಂತೋಷವುಂಟಾಯಿತು. ಸಂತೋಷವು ಯೋಗ್ಯವಾದುದೇ, ಇಷ್ಟು ದೊಡ್ಡ ದೇಶದಲ್ಲಿ ಒಂಬತ್ತು ತಿಂಗಳ ಸುಮಾರಿನಲ್ಲಿ ಅಷ್ಟು ಕೆಲಸವು ನಡೆದುದು ಸಾಮಾನ್ಯವಲ್ಲ. ಆದರೆ ನಮ್ಮ ಬೀದಿಯಲ್ಲಿಯೇ ಅನೇಕರು ನೂರು ಕೋಟಿ ಜನರಿಗೆ ಲಸಿಕೆಯಾಯಿತೆಂದು ತಿಳಿದಿದ್ದರು. ವಾಸ್ತವವಾಗಿ ಮೊದಲನೆಯ ಡೋಸನ್ನು ಪಡೆದವರು ಸುಮಾರು ೭೧ ಕೋಟಿ. ಅವರಲ್ಲಿ ಎರಡನೆಯದನ್ನೂ ಪಡೆದವರು ಸುಮಾರು ೨೯ ಕೋಟಿ. ಎರಡನ್ನೂ ಕೂಡಿದರೆ ನೂರಾಗುವುದು. ಹತ್ತು ಜೊತೆ ಓಲೆ ಮಾಡಿಸಿದವರ ಮನೆಯಲ್ಲಿ ಇಪ್ಪತ್ತು ಹೆಣ್ಣುಮಕ್ಕಳಿರುವರೆಂದು ಯಾರೂ ಹೇಳುವುದಿಲ್ಲವಷ್ಟೆ!

ಎರಡನೆಯ ತೊಡಕು, 'ನೂರಕ್ಕೆ' ಎಂಬಲ್ಲಿರುವ ಆ ನೂರು ಯಾರು ಎಂಬುದು. ಸ್ಪೇನ್ ದೇಶದ ತುದಿಯಲ್ಲಿರುವ ಜಿಬ್ರಾಲ್ಟರ್ ಎಂಬ ಪುಟ್ಟ ಬ್ರಿಟಿಷ್ ಪ್ರದೇಶದಲ್ಲಿ ನೂರಕ್ಕೆ ನೂರನ್ನೂ ಮೀರಿದ ಜನಕ್ಕೆ ಲಸಿಕೆಯಾಗಿದೆಯೆಂದು ಪಟ್ಟಿಯು ತೋರಿಸುತ್ತಿದ್ದಿತು. ನೂರು ಎಲೆ ಹಾಕಿದ ಕಡೆ ನೂರಹದಿನೈದು ಜನ ಉಂಡು ಎದ್ದರೆಂದರೆ ಅಡಿಗೆಯವನೂ ಬೆರಗಾಗುವನು. ಇದರ ರಹಸ್ಯವು ಸರಳವಾದುದು. ಪ್ರತಿದಿನ ಗಡಿಯನ್ನು ದಾಟಿ ಕೆಲಸಕ್ಕೆ ಬರುವ ಸ್ಪೇನಿನ ಕೂಲಿಕಾರರಿಗೂ ನೌಕರರಿಗೂ ಜಿಬ್ರಾಲ್ಟರಿನವರು ಲಸಿಕೆಯನ್ನು ಕೊಟ್ಟರು. ಅವರು ಮೇಲಿನ ಸಂಖ್ಯೆಯಲ್ಲಿ ಸೇರಿದರು, ಕೆಳಗಿನ ಸಂಖ್ಯೆಯಲ್ಲಿ ಸೇರಲಿಲ್ಲ. ಲೆಕ್ಕಕ್ಕೆ ಅದು ದೋಷ, ಆದರೆ ಗುಣಕ್ಕೆ ಅದು ಔದಾರ್ಯ. ನಮ್ಮ ದೇಶದಲ್ಲಾದರೋ ಕೆಳಗಿನ ಸಂಖ್ಯೆಯೇ ಅಂದಾಜಿನದು. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ರೋಗದ ಕಾರಣದಿಂದ ಮುಂದಕ್ಕೆ ಹೋಯಿತು. ಆದುದರಿಂದ ೨೦೧೧ರ ಗಣತಿಯನ್ನು ಬೆಳೆಯಿಸಿ ಮಾಡಿದ ಅಂದಾಜಿನಿಂದಲೇ ಪ್ರತಿ ರಾಜ್ಯಕ್ಕೂ ಶೇಕಡವನ್ನು ಕಟ್ಟಬೇಕಾಯಿತು. ಹತ್ತು ವರ್ಷದ ಹಿಂದೆ ಹೊಲಿಸಿದ ಅಂಗಿಯನ್ನು ಅಂದಾಜಿನಿಂದ ಸಡಿಲಿಸಿ ಮಗುವಿಗೆ ತೊಡಿಸಿದಂತೆ.

ಇನ್ನು ಭವಿಷ್ಯದ ವಿಚಾರ. ೨೦೨೧ನೆಯ ಫೆಬ್ರವರಿ ತಿಂಗಳಿನ ಆರಂಭದಲ್ಲಿ ಬ್ಲೂಮ್‌ಬರ್ಗ್ ಎಂಬ ಅಮೆರಿಕಾದ ಸುದ್ದಿಸಂಸ್ಥೆಯು ಒಂದು ಲೆಕ್ಕವನ್ನು ಪ್ರಕಟಿಸಿತು. ಅಂದಿನ ವೇಗದಲ್ಲಿಯೇ ಹೋದರೆ ಜಗತ್ತಿನ ನೂರರಲ್ಲಿ ಎಪ್ಪತ್ತೈದು ಮಂದಿಗೆ ಲಸಿಕೆಯು ಪೂರ್ತಿಯಾಗಲು ಏಳು ವರ್ಷಕ್ಕೂ ಮೇಲೆ ಹಿಡಿಯುವುದೆಂಬುದೇ ಅದರ ಸಾರಾಂಶ. ಆ ಸುದ್ದಿಯನ್ನು ಓದಿದ ದಿನ ನಮ್ಮ ಮನೆಯಲ್ಲಿ ಊಟವು ರುಚಿಸಲಿಲ್ಲ. ಏಳು ವರ್ಷವೆಂದರೆ ಅಕ್ಕನಿಗೆ ಎಪ್ಪತ್ತೇಳು, ಭಾವನಿಗೆ ಎಂಬತ್ತೊಂದು. ಆದರೂ ಗಣಿತವನ್ನು ಪರೀಕ್ಷಿಸಿ ನೋಡೋಣವೆಂದು ಪುಸ್ತಕವನ್ನು ತೆರೆದೆವು. ಜಗತ್ತಿನ ಜನ ಸುಮಾರು ೭೮೦ ಕೋಟಿ. ಅದರಲ್ಲಿ ಮುಕ್ಕಾಲು ಪಾಲು ೫೮೫ ಕೋಟಿ. ತಲೆಗೆ ಎರಡರಂತೆ ೧,೧೭೦ ಕೋಟಿ ಡೋಸು. ಆಗ ದಿನಕ್ಕೆ ಹಾಕುತ್ತಿದ್ದುದು ೪೦ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಭಾಗಿಸಿದರೆ ಏಳು ವರ್ಷಕ್ಕೂ ಮೇಲೆಯೇ ಬಂದಿತು. ಗಣಿತದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ನಡೆದುದಾದರೋ ಬೇರೆ. ಕಾರ್ಖಾನೆಗಳು ಹೆಚ್ಚಿದುವು, ಹೊಸ ಲಸಿಕೆಗಳು ಬಂದುವು, ಚೀನಾ ಮತ್ತು ಇಂಡಿಯಾ ದೇಶಗಳು ವೇಗವನ್ನು ಕೂಡಿಸಿಕೊಂಡುವು. ನಮ್ಮ ದೇಶವೊಂದೇ ೨೦೨೧ನೆಯ ಸೆಪ್ಟೆಂಬರ್ ೧೭ರ ಒಂದೇ ದಿನದಲ್ಲಿ ಎರಡೂವರೆ ಕೋಟಿ ಡೋಸುಗಳನ್ನು ಹಾಕಿತು. ಏಳು ವರ್ಷಕ್ಕೆಂದು ಲೆಕ್ಕಹಾಕಿದ್ದ ೧,೧೭೦ ಕೋಟಿ ಡೋಸುಗಳು ಒಂದೂವರೆ ವರ್ಷವು ಕಳೆಯುವುದರೊಳಗಾಗಿ ಮುಗಿದುಹೋದುವು. ಹಾಗಾದರೆ ಭವಿಷ್ಯವು ಕೇವಲ ನಿರಾಶೆಯ ಮಾತಾಗಿದ್ದಿತೆನ್ನೋಣವೆ? ಅದೂ ಸರಿಯಲ್ಲ. ಅಷ್ಟೂ ಡೋಸುಗಳು ಖರ್ಚಾದ ಮೇಲೆಯೂ ನೂರಕ್ಕೆ ಎಪ್ಪತ್ತೈದು ಮಂದಿಗೆ ಲಸಿಕೆಯು ಪೂರ್ತಿಯಾಗಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಅದೇ ತೋಳಿಗೆ ಮೂರನೆಯದೂ ನಾಲ್ಕನೆಯದೂ ಬಿದ್ದಿದ್ದಿತು. ಬಡದೇಶಗಳಲ್ಲಿ ಮೊದಲನೆಯದನ್ನೇ ಕಾಣದವರು ಕೋಟಿಗಟ್ಟಲೆ ಉಳಿದಿದ್ದರು. ಮುಂದೆ ವರ್ಷಗಳು ಕಳೆದ ಮೇಲೂ ಒಂದು ಡೋಸನ್ನಾದರೂ ಪಡೆದವರು ಜಗತ್ತಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಯೇ. ಔಷಧದ ವಿಷಯದಲ್ಲಿ ಆ ಲೆಕ್ಕವು ಅತಿಯಾಗಿ ಅಂಜಿತು. ಮನುಷ್ಯರ ವಿಷಯದಲ್ಲಿ ಅತಿಯಾಗಿ ನಂಬಿತು.

ನಿನ್ನೆಯ ವೇಗವನ್ನೇ ನಾಳೆಗೂ ಎಳೆದರೆ ಏನಾಗುವುದೆಂಬುದಕ್ಕೆ ಭೂತಾನ ದೇಶವು ಒಳ್ಳೆಯ ಉದಾಹರಣೆ. ಅಲ್ಲಿಯವರು ಇಂಡಿಯಾ ದೇಶವು ಕೊಟ್ಟ ಲಸಿಕೆಯನ್ನು ಇಟ್ಟುಕೊಂಡು, ಶುಭ ಮುಹೂರ್ತವನ್ನು ನೋಡಿ, ೨೦೨೧ನೆಯ ಮಾರ್ಚ್ ೨೭ರಂದು ವಾನರ ಸಂವತ್ಸರದಲ್ಲಿ ಹುಟ್ಟಿದ ಒಬ್ಬ ಯುವತಿಗೆ ಮೊದಲ ಸೂಜಿಯನ್ನು ಚುಚ್ಚಿದರು. ಎರಡು ವಾರಗಳಲ್ಲಿ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಮೊದಲ ಡೋಸು ಮುಗಿದುಹೋಯಿತು. ಜಗತ್ತೇ ಬೆರಗಾಯಿತು. ಆಮೇಲೆ? ಇಂಡಿಯಾ ದೇಶದಲ್ಲಿ ಎರಡನೆಯ ಅಲೆಯು ಎದ್ದು, ಇಲ್ಲಿಂದ ಹೊರಗೆ ಕಳುಹಿಸುವುದು ನಿಂತಿತು. ಭೂತಾನದ ರೇಖೆಯು ಮೂರು ತಿಂಗಳಿಗೂ ಹೆಚ್ಚು ಕಾಲ ಕದಲದೆ ಮಲಗಿತು. ಜುಲೈ ತಿಂಗಳಿನಲ್ಲಿ ಬೇರೆ ದೇಶಗಳಿಂದ ಲಸಿಕೆಯು ಬಂದೊಡನೆ, ೨೦ನೆಯ ತಾರೀಖಿನಿಂದ ಒಂದೇ ವಾರದಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಎರಡನೆಯದೂ ಆಯಿತು. ಏಪ್ರಿಲ್ ಮೊದಲ ವಾರದಲ್ಲಿ ಗೆರೆಯೆಳೆದವನು ಇನ್ನೊಂದು ವಾರದಲ್ಲಿ ಎಲ್ಲ ಮುಗಿಯಿತೆನ್ನುವನು; ಜೂನ್ ತಿಂಗಳಿನಲ್ಲಿ ಎಳೆದವನು ಎಂದಿಗೂ ಮುಗಿಯದೆನ್ನುವನು. ಇಬ್ಬರ ಕೈಯಲ್ಲಿಯೂ ಇದ್ದುದು ಸತ್ಯವಾದ ಅಂಕೆಗಳೇ.

ಭೂತಾನದ ಬಾಗಿಲಲ್ಲಿ ನಿಂತುಹೋದ ಆ ಪ್ರವಾಹವೇ ನೈರೋಬಿಯ ಬಾಗಿಲಲ್ಲಿಯೂ ನಿಂತಿತು. ಬಡದೇಶಗಳಿಗೆ ಲಸಿಕೆಯನ್ನು ಹಂಚಲು ವಿಶ್ವ ಆರೋಗ್ಯ ಸಂಸ್ಥೆಯೂ ಇತರ ಸಂಸ್ಥೆಗಳೂ ಕೂಡಿ 'ಕೋವ್ಯಾಕ್ಸ್' ಎಂಬ ವ್ಯವಸ್ಥೆಯನ್ನು ಏರ್ಪಡಿಸಿದ್ದುವು. ಅದು ನೆಚ್ಚಿಕೊಂಡಿದ್ದುದು ಮುಖ್ಯವಾಗಿ ಪುಣೆಯ ಸೀರಂ ಇನ್ಸ್ಟಿಟ್ಯೂಟ್ ಕಾರ್ಖಾನೆಯನ್ನು. ಮಾರ್ಚ್ ೩ರಂದು ಪುಣೆಯಲ್ಲಿ ತಯಾರಾದ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಡೋಸುಗಳು ನೈರೋಬಿಗೆ ಬಂದಿಳಿದಾಗ ನಮ್ಮ ಹುಡುಗನು, "ದೊಡ್ಡಪ್ಪಾ, ನಮ್ಮ ಕಡೆಯ ಲಸಿಕೆ ನನಗಿಂತ ಮೊದಲೇ ಇಲ್ಲಿಗೆ ಒಗ್ಗಿಕೊಂಡಿತು" ಎಂದು ದೂರವಾಣಿಯಲ್ಲಿ ನಕ್ಕನು. ಅವನ ಸರದಿ ಬರಬೇಕಾದರೆ ಆಗಸ್ಟ್ ತಿಂಗಳಾಯಿತು. ೨೦೨೧ರೊಳಗೆ ಇನ್ನೂರು ಕೋಟಿ ಡೋಸುಗಳನ್ನು ಹಂಚುವೆವೆಂದು ಹೇಳಿದ್ದ ಕೋವ್ಯಾಕ್ಸ್ ನೂರು ಕೋಟಿಯನ್ನು ಮುಟ್ಟಿದುದು ೨೦೨೨ನೆಯ ಜನವರಿ ೧೫ರಂದು. ವರ್ಷವು ಮುಗಿದಾಗ ಆಫ್ರಿಕಾ ಖಂಡದಲ್ಲಿ ನೂರಕ್ಕೆ ಹತ್ತು ಮಂದಿಗೂ ಲಸಿಕೆಯು ಪೂರ್ತಿಯಾಗಿರಲಿಲ್ಲ. ಬಂದುದರಲ್ಲಿಯೂ ಕೆಲವು ಅವಧಿ ಮುಗಿಯುವ ಹೊತ್ತಿಗೆ ಬಂದು, ಮಲಾವಿ ದೇಶದವರು ಸುಮಾರು ಇಪ್ಪತ್ತು ಸಾವಿರ ಡೋಸುಗಳನ್ನು ಬೆಂಕಿಗೆ ಹಾಕಬೇಕಾಯಿತು. ಪುಣೆಯ ಒಂದು ಕಾರ್ಖಾನೆಯಿಂದ ಹೊರಡುವ ಪೆಟ್ಟಿಗೆಯು ಯಾವ ಬಾಗಿಲಿಗೆ ಹೋಗುವುದೆಂಬುದನ್ನು ಯಾವ ಸಮೀಕರಣವು ಹೇಳೀತು? ತನ್ನ ಮನೆಗೆ ಬೆಂಕಿ ಬಿದ್ದಾಗ ನೆರೆಮನೆಗೆ ನೀರು ಕೊಡುವವರು ಲೋಕದಲ್ಲಿ ವಿರಳ. ಹಾಗೆಂದು ನೆರೆಮನೆಯವರ ಬಾಯಾರಿಕೆಯೂ ಸುಳ್ಳಲ್ಲ.

ಔಷಧವು ಬೇಕಾದಷ್ಟಿದ್ದ ಕಡೆಯಲ್ಲಿ ಮತ್ತೊಂದು ಸಂಗತಿಯು ಕಂಡುಬಂದಿತು. ಅಮೆರಿಕಾದ ಅಧ್ಯಕ್ಷರಾಗಿದ್ದ ಬೈಡನ್ ಅವರು ೨೦೨೧ನೆಯ ಜುಲೈ ೪ರ ಸ್ವಾತಂತ್ರ್ಯದಿನದೊಳಗೆ ವಯಸ್ಕರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಒಂದು ಡೋಸಾದರೂ ಆಗಬೇಕೆಂದು ಗುರಿಯನ್ನಿಟ್ಟರು. ಏಪ್ರಿಲ್ ತಿಂಗಳಿನ ವೇಗವನ್ನು ನೋಡಿದರೆ ಅದು ಬಹಳ ಸುಲಭವಾಗಿ ಕಂಡಿತು. ಆದರೆ ಅರವತ್ತನ್ನು ದಾಟಿದ ಮೇಲೆ ರೇಖೆಯು ಬಾಗತೊಡಗಿತು. ಎಪ್ಪತ್ತನ್ನು ಮುಟ್ಟುವಾಗ ಆಗಸ್ಟ್ ೨ ಆಗಿದ್ದಿತು. ಬೇಸಿಗೆಯ ಬಾವಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಮೊದಲ ಹತ್ತು ಕೊಡಗಳನ್ನು ಸೇದುವುದಕ್ಕೂ ಕಡೆಯ ಹತ್ತು ಕೊಡಗಳನ್ನು ಸೇದುವುದಕ್ಕೂ ಒಂದೇ ಹಗ್ಗವು ಸಾಲದು. ಮುಂಜಾವಿನಲ್ಲಿಯೇ ಎದ್ದು ಸಾಲಿನಲ್ಲಿ ನಿಂತವರು ಮೊದಲ ಐವತ್ತು ಮಂದಿ. ಹೇಳಿ ಕಳುಹಿಸಿದರೆ ಬರುವವರು ಮುಂದಿನ ಇಪ್ಪತ್ತು. ಆಮೇಲಿನವರಲ್ಲಿ ಭಯಪಟ್ಟವರೂ, ಬಿಡುವಿಲ್ಲದವರೂ, ದಾರಿಯಿಲ್ಲದವರೂ, ಸರಕಾರವನ್ನು ನಂಬದವರೂ ಬೆರೆತಿರುವರು. ಇವರೆಲ್ಲರಿಗೂ 'ಹಿಂದೆಗೆಯುವವರು' ಎಂದು ಒಂದೇ ಹೆಸರನ್ನು ಕೊಡುವುದು ಪಟ್ಟಿಗೆ ಅನುಕೂಲ, ಸತ್ಯಕ್ಕೆ ಅಲ್ಲ.

ನಮ್ಮ ದೇಶದಲ್ಲಿಯೂ ಹಾಗೆಯೇ ಆಯಿತು. ಆಗಸ್ಟಿನಿಂದ ಡಿಸೆಂಬರಿನವರೆಗೆ ೨೧೬ ಕೋಟಿ ಡೋಸುಗಳು ದೊರೆಯುವುವೆಂದು ೨೦೨೧ನೆಯ ಮೇ ತಿಂಗಳಿನಲ್ಲಿ ಸರಕಾರದ ಪರವಾಗಿ ಹೇಳಲಾಯಿತು. ಜೂನ್ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಅದು ೧೩೫ ಕೋಟಿಗೆ ಇಳಿಯಿತು. ವರ್ಷದ ಕೊನೆಗೆ, ಆರಂಭದಿಂದ ಹಾಕಿದುದೆಲ್ಲ ಸೇರಿ ಸುಮಾರು ೧೪೫ ಕೋಟಿಯಾಗಿದ್ದಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ಒಂದು, ಅರವತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಎರಡೂ ಆಗಿದ್ದುವು. ಹೆಮ್ಮೆಪಡತಕ್ಕ ಕಾರ್ಯವೇ ಹೌದು. ಆದರೆ ನಮ್ಮ ಮಟ್ಟಿಗೆ ಆ ವರ್ಷದ ಲೆಕ್ಕವು ಮೇ ತಿಂಗಳಿನಲ್ಲಿಯೇ ನಿಂತುಹೋಗಿದ್ದಿತು.

ಭಾವನು ಮಾರ್ಚ್ ಕಡೆಯ ವಾರದಲ್ಲಿ ಮೊದಲ ಡೋಸನ್ನು ಹಾಕಿಸಿಕೊಂಡನು. ಅಕ್ಕ ಹಾಕಿಸಿಕೊಳ್ಳಲಿಲ್ಲ. "ಇಬ್ಬರೂ ಜ್ವರ ಬಂದು ಮಲಗಿದರೆ ದನಕ್ಕೆ ಹುಲ್ಲು ಹಾಕುವವರು ಯಾರು? ಇವರದು ಎರಡೂ ಮುಗಿಯಲಿ, ಆಮೇಲೆ ನನ್ನದು" ಎಂದಳು. ಅವಳ ಮಾತಿನಲ್ಲಿ ಮೌಢ್ಯವೇನೂ ಇರಲಿಲ್ಲ. ಮನೆಯೊಡತಿಯ ವಿವೇಕವೇ ಇದ್ದಿತು. ಆಗ ಎರಡು ಡೋಸುಗಳ ನಡುವಿನ ಅಂತರವು ಆರರಿಂದ ಎಂಟು ವಾರ. ಆ ಲೆಕ್ಕದಂತೆ ಮೇ ತಿಂಗಳಿನ ಎರಡನೆಯ ವಾರದಲ್ಲಿ ಭಾವನಿಗೆ ಎರಡನೆಯದು ಆಗಬೇಕು. ನಮ್ಮ ಪುಸ್ತಕದಲ್ಲಿ ಆ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆವು. ಬಸ್ಸುಗಳು ನಿಂತಿದ್ದುದರಿಂದ ಬಾಡಿಗೆ ಕಾರನ್ನು ಮಾಡಿಕೊಂಡು ಭಾವನು ಪೇಟೆಯ ಆಸ್ಪತ್ರೆಗೆ ಹೋದನು. ಲಸಿಕೆಯು ಮುಗಿದಿದೆಯೆಂದು ಬಾಗಿಲಿನಲ್ಲಿಯೇ ಹೇಳಿ ಕಳುಹಿಸಿದರು. ಅದರ ಮಾರನೆಯ ವಾರವೇ, ಮೇ ೧೩ರಂದು, ಅಂತರವನ್ನು ಹನ್ನೆರಡರಿಂದ ಹದಿನಾರು ವಾರಕ್ಕೆ ಹೆಚ್ಚಿಸಿದ ಆಜ್ಞೆಯು ಹೊರಟಿತು. ಅಂತರವು ಹೆಚ್ಚಿದರೆ ಆ ಲಸಿಕೆಯ ಶಕ್ತಿಯೂ ಹೆಚ್ಚುವುದೆಂಬುದಕ್ಕೆ ಬ್ರಿಟನ್ನಿನ ಅನುಭವದ ಆಧಾರವಿದ್ದಿತು. ನಮ್ಮ ಮಗಳಿಗೂ ಅಲ್ಲಿ ಏಪ್ರಿಲ್ ತಿಂಗಳಿನಲ್ಲಿ ಒಂದು, ಜೂನ್ ಕೊನೆಯಲ್ಲಿ ಒಂದು ಹಾಕಿದರು. ಆದುದರಿಂದ ಆಜ್ಞೆಯನ್ನು ನಾವು ದೂರುವುದಿಲ್ಲ. ಮೇ ತಿಂಗಳು ಮುಗಿಯುವುದರೊಳಗಾಗಿ ಭಾವನು ರೋಗಕ್ಕೆ ತುತ್ತಾಗಿ, ಆಮ್ಲಜನಕವಿದ್ದ ಹಾಸಿಗೆಯು ಸಿಕ್ಕಿಯೂ ಉಳಿಯದೆ, ತೀರಿಹೋದನು. ನಾವು ಮೈಸೂರಿನಿಂದ ಹೋಗುವಂತಿರಲಿಲ್ಲ.

ಮುಂದಿನ ಭಾನುವಾರ ಪುಸ್ತಕವನ್ನು ತೆರೆದಾಗ ನಮಗೆ ಒಂದು ವಿಷಯವು ಹೊಳೆಯಿತು. ಪಟ್ಟಿಯಲ್ಲಿ ಒಂದು ಡೋಸನ್ನು ಪಡೆದವರ ಒಟ್ಟು ಸಂಖ್ಯೆಯೆಂಬುದು ಏರುವುದೇ ಹೊರತು ಇಳಿಯುವುದಿಲ್ಲ. ಮಾರ್ಚ್ ತಿಂಗಳಿನಲ್ಲಿ ಅದರೊಳಗೆ ಸೇರಿದ ಭಾವನು ಜೂನ್ ತಿಂಗಳಿನಲ್ಲಿಯೂ ಅದರೊಳಗೆ ಇದ್ದನು. ಡಿಸೆಂಬರಿನ ೧೪೫ ಕೋಟಿಯಲ್ಲಿಯೂ ಅವನದೊಂದು ಸೇರಿಯೇ ಇದ್ದಿತು. ಹಾಕಿದ ಡೋಸನ್ನು ಹಾಕಲಿಲ್ಲವೆನ್ನುವುದು ಹೇಗೆ? ಲೆಕ್ಕವು ಸರಿಯಾಗಿಯೇ ಇದ್ದಿತು. ಮನೆಯಲ್ಲಿ ಮಾತ್ರ ಒಂದು ಮಣೆಯು ಬರಿದಾಗಿದ್ದಿತು.

ಅನಂತರ ಅಕ್ಕನನ್ನು ಒಪ್ಪಿಸುವುದು ಕಷ್ಟವಾಯಿತು. ಇಂಗ್ಲೆಂಡಿನ ಮಗಳು ದೂರವಾಣಿಯಲ್ಲಿ ಅಂಕೆಗಳನ್ನು ಹೇಳಿದಳು: ಲಸಿಕೆಯಾದವರಲ್ಲಿ ಸಾವು ಎಷ್ಟು ಕಡಿಮೆ, ಎರಡೂ ಆದವರಲ್ಲಿ ಇನ್ನೂ ಎಷ್ಟು ಕಡಿಮೆ, ಎಂದು. ಅಕ್ಕ ತಾಳ್ಮೆಯಿಂದ ಕೇಳಿ, "ಮಗೂ, ನಿನ್ನ ನೂರು ಜನ ಎಲ್ಲಿದ್ದಾರೋ ನಾನು ಕಾಣೆ. ನಾನು ಕಂಡದ್ದು ಒಬ್ಬರನ್ನು. ಅವರು ಹಾಕಿಸಿಕೊಂಡಿದ್ದರು, ಹೋದರು" ಎಂದಳು. ಇದಕ್ಕೆ ಯಾವ ಅಂಕೆಯಿಂದಲೂ ಉತ್ತರ ಹೇಳಲಾಗುವುದಿಲ್ಲ. ಉತ್ತರವನ್ನು ಹೇಳಿದವಳು ಆ ಊರಿನ ಆಶಾ ಕಾರ್ಯಕರ್ತೆ. ಮನೆಮನೆಗೂ ಹೋಗಿ ಲಸಿಕೆಯಾಗದವರನ್ನು ಹುಡುಕುವ ಕೆಲಸವು ೨೦೨೧ನೆಯ ನವೆಂಬರ್ ತಿಂಗಳಿನಲ್ಲಿ ದೇಶದಾದ್ಯಂತ ಆರಂಭವಾಯಿತು. ಆಕೆಯು ತೋಟದ ಏರಿಯನ್ನು ಹತ್ತಿಕೊಂಡು ಮೂರು ಸಲ ಬಂದಳು. ಮೊದಲ ಸಲ ಅಕ್ಕ ಕಾಫಿ ಕೊಟ್ಟು ಕಳುಹಿಸಿದಳು. ಎರಡನೆಯ ಸಲ ಆಕೆ ಲಸಿಕೆಯ ಮಾತನ್ನೇ ಎತ್ತದೆ ಭಾವನ ಮಾತನ್ನು ಆಡಿ ಹೋದಳು. ಮೂರನೆಯ ಸಲ, "ಅಮ್ಮಾ, ಜ್ವರ ಬಂದರೆ ಎರಡು ದಿನ ದನಕ್ಕೆ ಹುಲ್ಲು ನಾನು ಹಾಕುತ್ತೇನೆ" ಎಂದಳು. ಅಕ್ಕ ತೋಳನ್ನು ಒಡ್ಡಿದಳು. ಆ ವಾರದ ಪಟ್ಟಿಯಲ್ಲಿ ನಮ್ಮ ದೇಶದ ಶೇಕಡವು ಅಕ್ಕನೊಬ್ಬಳಿಂದ ಏರಿತೆಂಬುದನ್ನು ಯಾವ ಸೂಕ್ಷ್ಮದರ್ಶಕದಿಂದಲೂ ಕಾಣುವಂತಿರಲಿಲ್ಲ. ಆದರೆ ತೊಂಬತ್ತನೆಯವರ ಮತ್ತು ತೊಂಬತ್ತೊಂದನೆಯವರ ನಡುವಣ ದೂರವನ್ನು ಯಾರಾದರೂ ಅಳೆಯಬೇಕೆಂದರೆ ಆ ತೋಟದ ಏರಿಯನ್ನೇ ಮೂರು ಸಲ ಹತ್ತಿ ಇಳಿಯಬೇಕು.

ಇದು ನಮ್ಮ ಮನೆಯ ಮಾತು ಮಾತ್ರವಲ್ಲ. ಹಾಂಗ್‌ಕಾಂಗ್ ನಗರದಲ್ಲಿ ೨೦೨೨ನೆಯ ಆರಂಭಕ್ಕೆ ಒಟ್ಟು ಜನರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿಗೆ ಎರಡು ಡೋಸುಗಳು ಆಗಿದ್ದುವು. ಪಟ್ಟಿಯನ್ನು ನೋಡಿದವರು ನಿಶ್ಚಿಂತರಾಗಬಹುದಾಗಿದ್ದಿತು. ಆದರೆ ಎಂಬತ್ತು ವರ್ಷವನ್ನು ದಾಟಿದ ವೃದ್ಧರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗಿರಲಿಲ್ಲ. ಓಮಿಕ್ರಾನ್ ಅಲೆಯು ಬಂದಾಗ ಕೆಲವೇ ತಿಂಗಳುಗಳಲ್ಲಿ ಸಾವಿರಾರು ವೃದ್ಧರು ಸತ್ತರು. ಸರಾಸರಿಯೆಂಬ ಚಾಪೆಯ ಕೆಳಗೆ ಅತ್ಯಂತ ದುರ್ಬಲರು ಕಾಣದಂತೆ ಉಳಿದುಬಿಟ್ಟಿದ್ದರು.

ಸಿಡುಬಿನ ಕಥೆಯೂ ಇದನ್ನೇ ಹೇಳುವುದು. ದಾಕು ಹಾಕುವವರನ್ನು ಕಂಡರೆ ಅಟ್ಟವನ್ನು ಹತ್ತಿ ಅಡಗುತ್ತಿದ್ದ ಮಕ್ಕಳನ್ನು ನಮ್ಮ ಹಿರಿಯರು ಕಂಡಿದ್ದರು. ೧೯೬೨ರಲ್ಲಿ ಆರಂಭವಾದ ಸಿಡುಬು ನಿರ್ಮೂಲನದ ಯೋಜನೆಯಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ದಾಕು ಹಾಕಿದರೆ ರೋಗವು ಅಳಿಯುವುದೆಂದು ಎಣಿಸಿದ್ದರು. ಕಾಗದದ ಮೇಲೆ ಎಂಬತ್ತು ಮುಟ್ಟಿದ ಕಡೆಗಳಲ್ಲಿಯೂ ರೋಗವು ಉಳಿಯಿತು. ಶಾಲೆಯ ಮಕ್ಕಳು ಸುಲಭವಾಗಿ ಸಿಕ್ಕುತ್ತಿದ್ದುದರಿಂದ ಅವರಿಗೇ ಮತ್ತೆ ಮತ್ತೆ ಹಾಕುತ್ತಿದ್ದರು. ಸಿಕ್ಕದವರು ಸಿಕ್ಕದೆಯೇ ಇದ್ದರು. ಕಡೆಗೆ ಎಷ್ಟು ಮಂದಿಗೆ ಹಾಕಿದೆವೆಂಬ ಲೆಕ್ಕವನ್ನು ಹಿಂದಕ್ಕಿಟ್ಟು, ರೋಗವೆಲ್ಲಿದೆಯೆಂದು ಮನೆಮನೆಯನ್ನೂ ಹುಡುಕಿ, ಅದರ ಸುತ್ತಲಿನವರಿಗೆ ತಪ್ಪದೆ ಹಾಕುವ ಕ್ರಮವನ್ನು ಹಿಡಿದ ಮೇಲೆ, ೧೯೭೫ನೆಯ ಮೇ ತಿಂಗಳಿಗೆ ನಮ್ಮ ದೇಶದಲ್ಲಿ ಸಿಡುಬು ಕೊನೆಗಂಡಿತು. ೧೯೮೦ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಸಾರಿದರು.

ಹಾಗಾದರೆ ಪಟ್ಟಿಯೂ ಭವಿಷ್ಯವೂ ವ್ಯರ್ಥವೆನ್ನೋಣವೆ? ಖಂಡಿತ ಅಲ್ಲ. ಪಂಚಾಂಗದಲ್ಲಿ ಗ್ರಹಣದ ಹೊತ್ತನ್ನು ಹೇಳಿದರೆ ಅದು ತಪ್ಪುವುದಿಲ್ಲ. ಏಕೆಂದರೆ ಸೂರ್ಯಚಂದ್ರರು ಪಂಚಾಂಗವನ್ನು ಓದುವುದಿಲ್ಲ. ಮನುಷ್ಯರ ಭವಿಷ್ಯವನ್ನಾದರೋ ಮನುಷ್ಯರೇ ಓದುವರು. ಓದಿ ಹೆದರುವರು, ಹೆದರಿ ಎಚ್ಚರಗೊಳ್ಳುವರು, ಎಚ್ಚರಗೊಂಡು ಭವಿಷ್ಯವನ್ನು ಸುಳ್ಳುಮಾಡುವರು. ೧೭೬೦ರಲ್ಲಿಯೇ ಡೇನಿಯಲ್ ಬರ್ನೂ‌ಲಿ ಎಂಬ ಗಣಿತಜ್ಞನು ಸಿಡುಬಿಗೆ ಮುಂಜಾಗ್ರತೆಯ ಚುಚ್ಚನ್ನು ಎಲ್ಲರಿಗೂ ಹಾಕಿದರೆ ಸರಾಸರಿ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚುವುದೆಂದು ಲೆಕ್ಕಹಾಕಿ ತೋರಿಸಿದನು. ಅದು ಶಕುನವಲ್ಲ, 'ಹೀಗೆ ಮಾಡಿದರೆ ಹೀಗಾಗುವುದು' ಎಂಬ ಉಪದೇಶ. ಏಳು ವರ್ಷದ ಲೆಕ್ಕವನ್ನೂ ಹಾಗೆಯೇ ಓದಬೇಕು. ಅದು ನಿಜವಾಗದಂತೆ ದುಡಿದವರು ಇದ್ದುದರಿಂದಲೇ ಅದು ನಿಜವಾಗಲಿಲ್ಲ; ಅದರಲ್ಲಿ ನಿಜವಾಗಿ ಉಳಿದ ಅಂಶವು ಯಾರೂ ಹೋಗಿ ಮುಟ್ಟದೆ ಬಿಟ್ಟ ಜನರದು.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ನೆಯ ಮೇ ೫ರಂದು ಆ ತುರ್ತು ಪರಿಸ್ಥಿತಿಯು ಮುಗಿಯಿತೆಂದು ಹೇಳಿತು. ಈಗ ಆ ಪಟ್ಟಿಗಳನ್ನು ಯಾರೂ ತೆರೆಯುವುದಿಲ್ಲ. ಆದರೆ ಎಳೆಯ ಮಕ್ಕಳಿಗೆ ಹಾಕಿಸುವ ದಡಾರ, ಪೋಲಿಯೋ ಮುಂತಾದುವುಗಳ ಲಸಿಕೆಗೂ ಇಂತಹ ಶೇಕಡಗಳಿವೆ. ಅವು ಪ್ರತಿವರ್ಷ ಪ್ರಕಟವಾಗುತ್ತವೆ. ಅವುಗಳನ್ನು ಕಂಡಾಗ ನಮ್ಮ ಸೋದರಿಯರೂ ಸೋದರರೂ ತೊಂಬತ್ತೆಂಬುದನ್ನು ಓದಿ ಸಮಾಧಾನದಿಂದ ಪುಟವನ್ನು ತಿರುವಬಾರದೆಂದು ಬೇಡುತ್ತೇವೆ. ಉಳಿದ ಹತ್ತು ಮಂದಿ ಯಾವ ಕೇರಿಯಲ್ಲಿದ್ದಾರೆ, ಏಕೆ ಉಳಿದರು, ಅವರ ದನಕ್ಕೆ ಹುಲ್ಲು ಹಾಕುವವರು ಯಾರು ಎಂದು ಕೇಳಬೇಕು. ಕೂಲಿ ತಪ್ಪಿಸಿಕೊಂಡು ಮಗುವನ್ನು ಕರೆದೊಯ್ಯಲಾರದ ತಾಯಿಯು ನಮ್ಮ ಹಿತ್ತಲಿನ ಆಚೆಗೇ ಇರಬಹುದು. ಅವಳ ಮನೆಯವರೆಗೆ ಒಮ್ಮೆ ನಡೆದುಹೋಗುವುದಕ್ಕೆ ಯಾವ ಪಟ್ಟಿಯೂ ಬೇಕಾಗಿಲ್ಲ.